ಹುಳದ ಹೊಟ್ಟೆಯ ಕಪ್ಪು ಗೆರೆ

ಕಳೆದ ತಿಂಗಳು ತಿರುವನಂತಪುರದ ಹತ್ತಿರದ ವಿಳಿಂಜಂನ ಕಡಲದಂಡೆಯಲ್ಲಿ ಕ್ಲೀಟಸ್ ಚೇಟ್ಟನ್ ಬಕೆಟ್ಟಿನ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಬಂತು. ಸೀಮೆಎಣ್ಣೆ ಸ್ಟೋವನ್ನು ಆಗಷ್ಟೇ ಆರಿಸಿದಾಗ ಬರುತ್ತದಲ್ಲ, ಅಂಥದ್ದು. ಅದರ ಹಿಂದೆಯೇ ಹೂದಾನಿಯಲ್ಲಿ ವಾರಗಟ್ಟಲೆ ಮರೆತ ನೀರಿನ ವಾಸನೆ. ಚೇಟ್ಟನ್ ಮೂಗು ಮುಚ್ಚಿಕೊಂಡು ನಕ್ಕರು. ಬಂಡೆಗಳ ಬುಡಕ್ಕೆ ಮುಳುಗಿ ಚಿಪ್ಪಿ ಕಿತ್ತು ಮಾರುವವರು ಅವರು, ದಂಡೆಗೆಲ್ಲ ಚೇಟ್ಟನ್, ಎಂದರೆ ಅಣ್ಣ. ನೀರಿನಡಿ ಬಣ್ಣದ್ದೇನಾದರೂ ತೆವಳುವುದು ಕಂಡರೆ ನನಗೆಂದು ಎತ್ತಿಡುವುದು ಅವರ ಹಳೆಯ ಅಭ್ಯಾಸ. ನಾನು ಮಾತ್ರ ಬಗ್ಗಿ ನೋಡುವ ಬದಲು ಎರಡು ಹೆಜ್ಜೆ ಹಿಂದೆ ಸರಿದೆ, ಮುಂದೆ ಬಂದೆ, ಮತ್ತೆ ಹಿಂದೆ ಸರಿದೆ. ನಲವತ್ಮೂರು ವರ್ಷದ ಹೆಂಗಸು ಬಕೆಟ್ಟಿನ ಎದುರು ಹೀಗೆ ಓಲಾಡುವುದನ್ನು ಕಂಡು ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದವರು ಏನಂದುಕೊಂಡರೋ ತಿಳಿಯದು.

ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಮೂರು ವರ್ಷದ ಹಿಂದೆ. ಆ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಆರು ತಿಂಗಳು, ನಾನು ಒಂದು ಕಡೆ ನೆಟ್ಟಗೆ ಕೂತ ನೆನಪೇ ಇಲ್ಲ. ನನ್ನ ಗಂಡ ಶ್ರೀಧರನಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ, ರಾಕೆಟ್ ಕೇಂದ್ರದಲ್ಲಿ. ಅದಕ್ಕೂ ಮೊದಲು ಮೂರು ಊರು ಸುತ್ತಿದ್ದೆವು. ಪ್ರತಿ ಊರಿನಲ್ಲೂ ನಾನು ಶ್ರೀಧರ್ ಅವರ ಮಿಸೆಸ್. ಪ್ರಾಣಿಶಾಸ್ತ್ರದ ಎಂಎಸ್ಸಿ ಪದವಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ವರ್ಗವಾಗುತ್ತಿತ್ತು, ಅಷ್ಟೆ. ಆ ವರ್ಷ ಕೊಚ್ಚಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು. ತೆಂಕಣ ಕೇರಳದ ಬಂಡೆದಿಬ್ಬಗಳಲ್ಲಿ ಬದುಕುವ ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಹುಡುಕಿ, ಯಾವುದು ಯಾವ ಜಾತಿ ಎಂದು ಗುರುತಿಸುವುದು. ಕೆಲಸ ಕೊಚ್ಚಿಯಲ್ಲಿ, ಹುಳು ತಿರುವನಂತಪುರದ ಕಡಲಿನಲ್ಲಿ, ಮನೆಯೂ ಅಲ್ಲೇ. ಸೋಮವಾರ ಬೆಳಗಿನ ರೈಲಿಗೆ ಹೋಗುವುದು, ಶುಕ್ರವಾರ ಸಂಜೆಯ ರೈಲಿಗೆ ಬರುವುದು. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ. ತ್ರಿಪ್ಪುಣಿತ್ತುರದಲ್ಲಿ ಒಂದು ಮನೆಯ ಮಹಡಿ ಕೋಣೆ ಹಿಡಿದಿದ್ದೆ. ಮೆಟ್ರೋ ಆಗಿನ್ನೂ ಅಲ್ಲಿಗೆ ತಲುಪಿರಲಿಲ್ಲ, ಬಸ್ಸಿನಲ್ಲಿ ಬೆವರು ಸುರಿಸಿಕೊಂಡು ಲ್ಯಾಬಿಗೆ ಹೋಗಬೇಕಿತ್ತು. ಕೊಚ್ಚಿಯಲ್ಲಿದ್ದರೆ ಮನೆಯ ಗ್ಯಾಸ್ ಆರಿಸಿದ್ದಾರೋ ಇಲ್ಲವೋ ಎಂಬ ಚಿಂತೆ, ಮನೆಯಲ್ಲಿದ್ದರೆ ಲ್ಯಾಬಿನ ಬಾಟಲಿಗಳ ಚಿಂತೆ.

ಮನೆಯಲ್ಲಿ ಇನ್ನೊಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವರು ನನ್ನ ಅತ್ತೆ ರುಕ್ಮಿಣಮ್ಮ. ಮಾವ ತೀರಿಕೊಂಡ ಮೇಲೆ ನಂಜನಗೂಡಿನಿಂದ ನಮ್ಮ ಜೊತೆಗೆ ಬಂದವರು. ಮಲಯಾಳಂ ಒಂದಕ್ಷರ ಬಾರದು. ಕ್ವಾರ್ಟರ್ಸಿನ ಮೂರು ಕೋಣೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೆಂದು ತಿಳಿಯದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಅವರಿಗಿದ್ದ ಒಂದೇ ನೆಮ್ಮದಿ ರಂಗೋಲಿ. ಸುತ್ತಲಿನವರು ಓಣಂ ಹತ್ತು ದಿನ ಅಂಗಳದಲ್ಲಿ ಹೂವಿನ ಪೂಕ್ಕಳಂ ಹಾಕಿ ಮುಗಿಸಿದರೆ, ಇವರದು ವರ್ಷವಿಡೀ. ಚಾಲೈ ಪೇಟೆಗೆ ಹೋಗಿ ಬೆರಳು ತೋರಿಸಿಯೇ ಬಣ್ಣದ ಪುಡಿ ತರುತ್ತಿದ್ದರು. ಚೌಕುಳಿ ಹಾಳೆಯ ದಪ್ಪ ಪುಸ್ತಕವೊಂದರಲ್ಲಿ ನಲವತ್ತು ವರ್ಷದ ರಂಗೋಲಿಗಳಿದ್ದವು. ಎಲ್ಲಿ ನೋಡಿದ್ದು, ಯಾರು ಕಲಿಸಿದ್ದು, ಎಷ್ಟು ಚುಕ್ಕಿ, ಎಲ್ಲ ಬರೆದಿಟ್ಟಿದ್ದರು. ನಾನು ಒಂದು ದಿನವೂ ಅದನ್ನು ತೆರೆದು ನೋಡಿರಲಿಲ್ಲ. ನನ್ನ ಹುಳುಗಳ ಪುಸ್ತಕವನ್ನು ಅವರೂ ತೆರೆದಿರಲಿಲ್ಲ, ಲೆಕ್ಕ ಸರಿಹೋಯಿತು ಎಂದುಕೊಂಡಿದ್ದೆ.

ಜನವರಿಯ ಒಂದು ಶನಿವಾರ ವಿಳಿಂಜಂನ ದಂಡೆಯಲ್ಲಿ ಕ್ಲೀಟಸ್ ಚೇಟ್ಟನ್ ನೀರಿನಿಂದ ಒಂದು ಹುಳು ತಂದುಕೊಟ್ಟರು. ಹೆಬ್ಬೆರಳಿಗಿಂತ ಉದ್ದ, ಕಪ್ಪು ಮೈ. ಬೆನ್ನಿನ ಮೇಲೆ ಉದ್ದಕ್ಕೆ ಬೂದುನೀಲಿ ದಿಂಡುಗಳು, ದಿಂಡಿನ ಮೇಲೆ ಸಾಲಾಗಿ ಗುಬುಟುಗಳು, ಪ್ರತಿ ಗುಬುಟಿನ ನೆತ್ತಿಗೂ ಅರಿಶಿನ. ಇಂಥ ಹುಳುಗಳಿಗೆ ವಿಷವಿರುತ್ತದೆ, ಮೀನುಗಳು ಮುಟ್ಟದಿರಲೆಂದೇ ಈ ಬಣ್ಣ. ತೊಂದರೆ ಏನೆಂದರೆ ಇದೇ ಉಡುಪು ತೊಟ್ಟ ಜಾತಿಗಳು ಹಲವು ಇವೆ. ಬೆನ್ನು ನೋಡಿ ಹೆಸರು ಹೇಳುವುದು ಸಮವಸ್ತ್ರ ನೋಡಿ ಮಗುವಿನ ಹೆಸರು ಹೇಳಿದಂತೆ. ಅವುಗಳಲ್ಲಿ ತೀರ ಸಾಮಾನ್ಯವಾದದ್ದು ಫಿಲ್ಲಿಡಿಯಾ ವ್ಯಾರಿಕೋಸಾ. ಅದಕ್ಕೆ ಅಂಗಾಲಿನ, ಎಂದರೆ ತೆವಳುವ ಹೊಟ್ಟೆಯಡಿಯ, ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ ಇರುತ್ತದೆ. ಉಳಿದವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನನಗೆ ಸಿಕ್ಕಿದ ಹುಳುವಿನ ದಿಂಡುಗಳು ಪುಸ್ತಕದ ಯಾವ ಚಿತ್ರಕ್ಕೂ ಹೊಂದದ ಹಾಗೆ ಅಲ್ಲಲ್ಲಿ ತುಂಡಾಗಿದ್ದವು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಇದು ಯಾರೂ ಹೆಸರಿಡದ ಜಾತಿಯಾಗಿದ್ದರೆ?

ಆಟೋದಲ್ಲಿ ಮನೆಗೆ ತಂದು ಬಿಳಿ ತಟ್ಟೆಯಲ್ಲಿಟ್ಟು ಬೆನ್ನಿನ ಇಪ್ಪತ್ತು ಫೋಟೋ ತೆಗೆದೆ. ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಮುಟ್ಟಿದರೆ ಮುದುಡುತ್ತದೆ, ಮೊದಲು ಮೆಂತಾಲ್ ಹಾಕಿ ಮೈ ಸಡಿಲಿಸಿ ಆಮೇಲೆ ನೋಡಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಮನೆಯಲ್ಲಿದ್ದ ಮೆಂತಾಲ್ ಮುಗಿದಿತ್ತು. ಹುಳುವನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ಹಾಕಿ, ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿ ಚಾಲೈಗೆ ಓಡಿದೆ. ಅಂಗಡಿಯಿಂದ ಅಂಗಡಿಗೆ ಅಲೆದು ಮೆಂತಾಲ್ ಹರಳು ಹಿಡಿದುಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಭರಣಿಯ ನೀರು ಬೆಚ್ಚಗಾಗಿದೆ ಅನ್ನಿಸಿ, ಪಾಪ, ರಾತ್ರಿಯೊಂದು ಹಾಯಾಗಿರಲಿ ಎಂದು ಗಾಳಿಯ ಪಂಪಿದ್ದ ದೊಡ್ಡ ಬಕೆಟ್ಟಿಗೆ ಬಿಟ್ಟೆ. ಅದರಲ್ಲಿ ಚೇಟ್ಟನ್ ಕೊಟ್ಟ ಎರಡು ಪುಟ್ಟ ಮೀನು, ಒಂದಿಷ್ಟು ಏಡಿ, ಸೌತೆಕಾಯಿಯಂಥ ಮೈಯ ಕಡಲಸೌತೆ ಎಂಬ ಒಂದು ಜೀವಿ ಆಗಲೇ ಇದ್ದವು. ವಿಷದ ಹುಳು ಎಂದು ಗೊತ್ತಿದ್ದೂ ಮಾಡಿದ ಕೆಲಸವಿದು.

ಬೆಳಗ್ಗೆ ಎದ್ದರೆ ಮನೆ ತುಂಬ ಆ ವಾಸನೆ. ಬಕೆಟ್ಟಿನಲ್ಲಿ ಒಂದೂ ಜೀವ ಉಳಿದಿರಲಿಲ್ಲ. ಹೆದರಿದ ಹುಳು ಬಿಟ್ಟ ಲೋಳೆಗೆ ಎಲ್ಲವೂ ಸತ್ತು, ಕೆಟ್ಟ ನೀರಿನಲ್ಲಿ ಹುಳುವೂ ಸತ್ತು, ಅಡಿಭಾಗದ ಚರ್ಮ ಕಳಚಿ ಚಿಂದಿಯಾಗಿತ್ತು. ಗಾಬರಿಯಲ್ಲಿ ಕೈಗೆ ಸಿಕ್ಕ ಬಾಟಲಿಗೆ ಹಾಕಿದೆ. ಅದು ಫಾರ್ಮಲಿನ್. ಸ್ಪಿರಿಟ್ಟಿನಲ್ಲಿಟ್ಟಿದ್ದರೆ ಕನಿಷ್ಠ ಡಿಎನ್‌ಎ ನೋಡಬಹುದಿತ್ತು, ಫಾರ್ಮಲಿನ್ ಅದನ್ನೂ ಕೆಡಿಸುತ್ತದೆ. ಒಂದೇ ದಿನದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದೆ. ಶ್ರೀಧರ ಬಾಗಿಲು ಕಿಟಕಿ ತೆರೆಯುತ್ತ, ರಾಕೆಟ್ಟಿನ ಇಂಧನಕ್ಕೂ ಇಷ್ಟು ನಾತವಿಲ್ಲ ಎಂದ. ಅತ್ತೆ ಮಾತ್ರ ಸತ್ತ ಹುಳುವನ್ನು ನೋಡಿ ನಿಜವಾಗಿ ನೊಂದುಕೊಂಡರು.

ಕೊಚ್ಚಿಯ ಲ್ಯಾಬಿನ ಮುಖ್ಯಸ್ಥೆ ಲೀಲಾ ಮೇಡಂ. ಏಲೂರಿನ ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದವರು, ಯಾವ ರಾಸಾಯನಿಕವನ್ನಾದರೂ ಮೂಗಿನಿಂದಲೇ ಹೇಳುತ್ತೇನೆ ಎನ್ನುತ್ತಿದ್ದರು. ನಾನು ಬಾಟಲಿಯ ಮುಚ್ಚಳ ಸಡಿಲಿಸುವ ಮೊದಲೇ ಫಾರ್ಮಲಿನ್ನಾ ಎಂದು ಕೇಳಿ ಮುಖ ಗಂಟಿಕ್ಕಿದರು. ಆದರೆ ಫೋಟೋ ನೋಡಿ ಅವರ ಮುಖ ಅರಳಿತು. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಒಂದೇ ಪ್ರಶ್ನೆ ಕೇಳಿದರು: ಅಡಿ ತಿರುಗಿಸಿ ನೋಡಿದೆಯಾ?

ನೋಡಿದ್ದೆ ಎಂಬುದು ಸುಳ್ಳಲ್ಲ. ಫಾರ್ಮಲಿನ್ನಿನಿಂದ ತೆಗೆದು, ಚರ್ಮ ಹೋದ ಆ ಉಂಡೆಯನ್ನು ಲೆನ್ಸಿನಡಿ ತಿರುಗಿಸಿ ನೋಡಿದ್ದೆ. ಗೆರೆ ಕಂಡಿರಲಿಲ್ಲ. "ನೋಡಿದೆ ಮೇಡಂ, ಗೆರೆ ಇಲ್ಲ" ಎಂದೆ. ಬಾಯಿಂದ ಆಚೆ ಬಂದ ಮೇಲೆ ಅದು ಟಿಪ್ಪಣಿಯಾಯಿತು, ಟಿಪ್ಪಣಿ ಲೇಖನದ ಕರಡಾಯಿತು. ಅಂಗಾಲಿನಲ್ಲಿ ಗೆರೆ ಇಲ್ಲ ಎಂಬ ಒಂದು ವಾಕ್ಯದ ಮೇಲೆ ನಾಲ್ಕು ಪುಟ ಎದ್ದು ನಿಂತವು. ಹೊಸ ಜಾತಿಯಂಥದ್ದೇನಾದರೂ ಸಿಕ್ಕರೆ ಯೋಜನೆಯ ಎರಡನೆಯ ಹಂತ ಕೇಳಬಹುದು, ನಿನ್ನನ್ನೂ ಮುಂದುವರಿಸಬಹುದು ಎಂದರು ಮೇಡಂ. ಲೇಖನದ ಮೇಲೆ ಮೊದಲ ಹೆಸರು ನನ್ನದು. ಆ ಹೆಸರಿನ ಮುಂದೆ ಮಿಸೆಸ್ ಇರಲಿಲ್ಲ. ಅದು ನನಗೆ ಬೇಕಿತ್ತು, ಹೊಟ್ಟೆ ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಫೆಬ್ರವರಿ ಹೋಯಿತು. ಮಾರ್ಚಿನ ಬಿಸಿಲಿಗೆ ರೈಲಿನ ಕಿಟಕಿಯ ಸರಳು ಮುಟ್ಟಲಾಗುತ್ತಿರಲಿಲ್ಲ. ಕಾಯಂಕುಳಂ ದಾಟುವಾಗೊಮ್ಮೆ ಕರಡು ತೆಗೆದು ಆ ವಾಕ್ಯ ಓದುವುದು, ಮಡಚುವುದು, ಎದ್ದು ಬಾಗಿಲ ಬಳಿ ನಿಲ್ಲುವುದು. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಎಷ್ಟು ದೂರವೆಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೂರಲಾಗುತ್ತಿರಲಿಲ್ಲ.

ಯುಗಾದಿ ಆ ವರ್ಷ ವಾರದ ನಡುವೆ ಬಂತು. ಕೇರಳದಲ್ಲಿ ಅದಕ್ಕೆ ರಜೆಯಿಲ್ಲ. ಅತ್ತೆಯ ಮುಖ ನೋಡಿ ಎರಡು ದಿನ ರಜೆ ಹಾಕಿ ಉಳಿದಿದ್ದೆನಾದರೂ, ಮುದ್ರಿಸಿದ ಕರಡನ್ನು ಹಬ್ಬದ ದಿನವೇ ಮೇಡಂಗೆ ಕೊಡಬೇಕಿತ್ತು. ಅವರು ಕಾಗದದ ಮೇಲೆ ಪೆನ್ಸಿಲ್ ಹಿಡಿದಲ್ಲದೆ ಏನನ್ನೂ ಓದುವವರಲ್ಲ. ಬೆಳಕು ಹರಿಯುವ ಹೊತ್ತಿಗೆ ತಲೆಗೆ ಸ್ನಾನ ಮಾಡಿ, ಪಕ್ಕದ ಮನೆಯವರ ಬೇವಿನ ಮರದಿಂದ ಬಂದ ಬೇವಿಗೆ ಬೆಲ್ಲ ಸೇರಿಸಿ ಬಾಯಿಗೆ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ ಬಾಗಿಲು ತೆರೆದೆ. ಹೊಸ್ತಿಲಾಚೆ ಅತ್ತೆ ರಂಗೋಲಿ ಮುಗಿಸಿ ಕೈ ಕೊಡವುತ್ತಿದ್ದರು.

ಎಡಕ್ಕೊಂದು ದೊಡ್ಡ ಅಂಡಾಕಾರ. ಇದ್ದಿಲ ಪುಡಿಯ ಕಪ್ಪು, ಅದರ ಮೇಲೆ ಬೂದುನೀಲಿ ದಿಂಡು, ದಿಂಡಿನ ಮೇಲೆ ಅರಿಶಿನದ ಚುಕ್ಕಿ. ಬಲಕ್ಕೆ ಅಷ್ಟೇ ದೊಡ್ಡ ಇನ್ನೊಂದು ಅಂಡಾಕಾರ. ಅದು ಬರೀ ಬೂದು, ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ. ಸುತ್ತಲೂ ಮಾವಿನೆಲೆಯ ಬಳ್ಳಿ. ಇದೇನು ಎಂದು ಕೇಳಿದೆ.

"ನಿನ್ನ ಹುಳ ಕಣಮ್ಮ" ಎಂದರು ಅತ್ತೆ. "ಇದು ಬೆನ್ನು, ಇದು ಹೊಟ್ಟೆ. ಅವತ್ತು ನೀನು ಪೇಟೆಗೆ ಹೋದಾಗ ಮಧ್ಯಾಹ್ನವೆಲ್ಲ ಭರಣಿ ಗಾಜಿಗೆ ಅಂಟ್ಕೊಂಡು ಹತ್ತೋದು ಇಳಿಯೋದು ಮಾಡ್ತಿತ್ತು. ಎದುರಿಗೇ ಕೂತು ಬರ್ಕೊಂಡಿದ್ದೆ. ಹಬ್ಬದ ದಿನ ನಿನ್ನ ಕೆಲಸಾನೇ ಬಾಗಿಲಿಗೆ ಹಾಕೋಣ ಅನ್ನಿಸ್ತು."

"ಹೊಟ್ಟೆ ಮೇಲೆ ಗೆರೆ ಇತ್ತಾ ಅತ್ತೆ?"

"ಇಲ್ದೆ ನಾನ್ಯಾಕೆ ಎಳೀಲಿ?"

ಚೆನ್ನಾಗಿದೆ ಎಂದೆ. ಆ ಗೆರೆಯನ್ನು ತುಳಿಯದೆ ಅಗಲವಾಗಿ ಹೆಜ್ಜೆ ಹಾಕಿ ದಾಟಿ, ರೈಲು ಹಿಡಿದು, ಹನ್ನೆರಡು ಗಂಟೆಗೆ ಕರಡನ್ನು ಮೇಡಂ ಕೈಯಲ್ಲಿಟ್ಟೆ. ಅಷ್ಟು ಹೊತ್ತಿಗೆ ಹಾಲಿನವರು, ಕಸದವರು, ಪಕ್ಕದ ಮಕ್ಕಳು ಓಡಾಡಿ ರಂಗೋಲಿ ಅಳಿಸಿರುತ್ತದೆ ಎಂದು ನಾನು ರೈಲಿನಲ್ಲಿ ಲೆಕ್ಕ ಹಾಕಿದ್ದು ನಿಜ. ಅತ್ತೆಯ ಮೇಲೆ ಸಿಟ್ಟೂ ಬಂದಿತ್ತು. ಊರೆಲ್ಲ ಬಿಟ್ಟು ಈ ಹುಳುವಿನ ಹೊಟ್ಟೆಯನ್ನೇ ಇವರು ಯಾಕೆ ನೋಡಬೇಕಿತ್ತು? ನೋಡಬೇಕಾದವಳು ನೋಡದೆ ಹೋದದ್ದಕ್ಕೆ ನೋಡಿದವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಕೆಟ್ಟಿತ್ತು ನನ್ನ ಮನಸ್ಸು.

ಎರಡು ದಿನ ಮೇಡಂ ಪೆನ್ಸಿಲ್ ಹಿಡಿದು ಓದಿದರು. ಸಣ್ಣಪುಟ್ಟ ತಿದ್ದುಪಡಿ, ಅಂಚಿನಲ್ಲಿ ಎರಡು ಕಡೆ ಭೇಷ್. ನನಗೆ ಊಟ ಸೇರಲಿಲ್ಲ. ಶುಕ್ರವಾರ ಮನೆಗೆ ಬಂದಾಗ ಅತ್ತೆ ಕಾಫಿ ಕೊಡುತ್ತ, ಹುಳಕ್ಕೆ ಹೆಸರಿಟ್ಟರಾ, ಅದರಲ್ಲಿ ನಿನ್ನ ಹೆಸರು ಬರುತ್ತಾ ಎಂದು ಕೇಳಿದರು. ಬರಬಹುದು ಎಂದೆ. ಅವರು ಕೂಡಲೇ ಪಕ್ಕದ ಮನೆಗೆ ಹೋಗಿ, ಬೇವಿನ ಸೊಪ್ಪು ಕೊಟ್ಟ ಅಮ್ಮೂಮ್ಮನಿಗೆ ಕೈಸನ್ನೆ ಮಾಡಿ, ನನ್ನ ಕಡೆ ತೋರಿಸಿ, ಗಾಳಿಯಲ್ಲಿ ಹುಳು ತೆವಳಿಸಿ, ಏನೇನೋ ಹೇಳಿ ಬಂದರು. ಇಬ್ಬರಿಗೂ ಬರುವ ಒಂದು ಭಾಷೆಯೂ ಇಲ್ಲದೆ ಆ ಇಬ್ಬರು ಮುದುಕಿಯರು ನನ್ನ ಬಗ್ಗೆ ಹೆಮ್ಮೆಪಡುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ರಂಗೋಲಿ ಪುಸ್ತಕ ಕೊಡಿ ಅತ್ತೆ ಎಂದೆ.

ಊಟದ ಮೇಜಿನ ಮೇಲೆ ಒಂದು ಕಡೆ ಲ್ಯಾಪ್‌ಟಾಪಿನಲ್ಲಿ ನನ್ನ ಫೋಟೋ, ಇನ್ನೊಂದು ಕಡೆ ಅವರ ಪುಟ. ಆ ಫೋಟೋ ಅವರಿಗೆ ನಾನು ಎಂದೂ ತೋರಿಸಿರಲಿಲ್ಲ. ಅವರ ಚಿತ್ರ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಲೇ ಗುಬುಟುಗಳನ್ನು ಒಂದೊಂದಾಗಿ ಚುಕ್ಕಿಗೆ ಹೊಂದಿಸುತ್ತ ಹೋದೆ. ದಿಂಡು ಎಲ್ಲಿ ತುಂಡಾಗಿತ್ತೋ ಅಲ್ಲೇ ತುಂಡು. ಎರಡು ಗುಬುಟು ಕೂಡಿಕೊಂಡಲ್ಲಿ ಎರಡು ಚುಕ್ಕಿ ಕೂಡಿಕೊಂಡಿವೆ. ಎಡದಿಂಡಿನ ನಾಲ್ಕನೆಯ ಚುಕ್ಕಿಗೆ ಅವರು ಅರಿಶಿನ ಬಳಿದಿರಲಿಲ್ಲ, ಖಾಲಿ ಸೊನ್ನೆ ಬಿಟ್ಟಿದ್ದರು. ಇದೊಂದು ಮರೆತಿರಾ ಎಂದು ಆಸೆಯಿಂದ ಕೇಳಿದೆ.

"ಮರೆತಿಲ್ಲ. ಅಲ್ಲಿ ಇರ್ಲಿಲ್ಲ, ಹಾಕ್ಲಿಲ್ಲ."

ಫೋಟೋವನ್ನು ದೊಡ್ಡದು ಮಾಡಿದೆ. ಎಡದಿಂಡಿನ ನಾಲ್ಕನೆಯ ಗುಬುಟಿನ ನೆತ್ತಿಯನ್ನು ಹಿಂದೆಂದೋ ಯಾವುದೋ ಮೀನು ಕಚ್ಚಿದ್ದಿರಬೇಕು, ಬೋಳಾಗಿತ್ತು. ಎರಡು ತಿಂಗಳು ದಿನಕ್ಕೆ ಹತ್ತು ಸಲ ನೋಡಿದ ಫೋಟೋದಲ್ಲಿ ನಾನದನ್ನು ಗಮನಿಸಿರಲಿಲ್ಲ. ಬೆನ್ನಿನ ವಿಷಯದಲ್ಲಿ ಇಷ್ಟು ಖಚಿತವಾಗಿದ್ದ ಕಣ್ಣು ಹೊಟ್ಟೆಯ ಮೇಲೆ ಇಲ್ಲದ ಗೆರೆ ಎಳೆಯಲು ಸಾಧ್ಯವೇ ಇರಲಿಲ್ಲ. ನನ್ನ ಹೊಸ ಜಾತಿ ಅಲ್ಲಿಗೆ ಮುಗಿಯಿತು. ಅದು ಕಡಲ ತುಂಬ ಸಿಗುವ ಆ ಸಾಮಾನ್ಯ ಹುಳುವೇ, ಸ್ವಲ್ಪ ವಕ್ರ ಬೆನ್ನಿನದು.

ಆಗ ಅತ್ತೆಗೆ ಎಲ್ಲವನ್ನೂ ಹೇಳಿದೆ. ಗೆರೆಯ ಅರ್ಥವೇನು, ನಾನು ಬರೆದದ್ದೇನು, ಕೆಲಸ ಮುಂದುವರಿಯುವುದು ಯಾವುದರ ಮೇಲೆ ನಿಂತಿತ್ತು ಎಂದು. ಅವರು ಪುಟದ ಮೇಲಿನ ಗೆರೆಗೆ ಬೆರಳಿಟ್ಟು, "ಹಾಗಾದ್ರೆ ನಾನು ಕೆಡಿಸಿದ್ನಾ?" ಎಂದರು. ಇಲ್ಲ ಎಂದೆ. ದನಿಯಲ್ಲಿ ಇನ್ನೂ ಸಿಟ್ಟಿತ್ತು, ಅದು ಅವರಿಗೂ ಕೇಳಿಸಿರಬೇಕು. ಪುಟ ಕತ್ತರಿಸಿಕೊಳ್ಳಲು ನಾನು ಕೈ ಹಾಕಿದಾಗ ತಡೆದರು. ಹರಿದ ಹಾಳೆಯನ್ನು ಯಾರು ನಂಬುತ್ತಾರೆ, ಪುಸ್ತಕವನ್ನೇ ತೆಗೆದುಕೊಂಡು ಹೋಗು ಎಂದರು. ನಲವತ್ತು ವರ್ಷದಲ್ಲಿ ಆ ಪುಸ್ತಕ ಅವರನ್ನು ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು.

ಸೋಮವಾರ ಬೆಳಗಿನ ರೈಲಿನಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೊಲ್ಲಂನಿಂದ ಎರ್ನಾಕುಲಂವರೆಗೆ ಅಳುತ್ತಲೇ ಹೋದೆ. ಎದುರಿಗೆ ಕೂತವರೊಬ್ಬರು ತಮ್ಮ ನೀರಿನ ಬಾಟಲಿ ನನ್ನ ಕಡೆ ಚಾಚಿ, ಏನೂ ಕೇಳದೆ ಕಿಟಕಿಯ ಕಡೆ ತಿರುಗಿದರು. ಲೀಲಾ ಮೇಡಂ ಎದುರು ಪುಸ್ತಕ ತೆರೆದಿಟ್ಟು, ನಾನು ನೋಡಿದ್ದು ಚರ್ಮ ಹೋದ ಉಂಡೆಯನ್ನು ಮಾತ್ರ ಎಂದು ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಅವರು ಬೈಯದೆ ಫೋಟೋ ಪಕ್ಕದಲ್ಲಿಟ್ಟು, ಪೆನ್ಸಿಲ್ಲಿನ ತುದಿಯಿಂದ ಒಂದೊಂದು ಚುಕ್ಕಿಯನ್ನೂ ಮುಟ್ಟುತ್ತ ಒಂದು ಗಂಟೆ ಕೂತರು. ಆ ಬೋಳು ಗುಬುಟಿನ ಬಳಿ ಪೆನ್ಸಿಲ್ ನಿಂತಿತು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕಂಡಿಲ್ಲ ಎನ್ನ್ ಎಳುದಿಯಾಲ್ ಮತಿಯಾಯಿರುನ್ನು, ಮೋಳೇ" ಎಂದರು. ಕಾಣಲಿಲ್ಲ ಎಂದು ಬರೆದಿದ್ದರೆ ಸಾಕಿತ್ತು, ಮಗಳೇ.

ಅಷ್ಟೇ ಅವರು ಹೇಳಿದ್ದು. ನಾಲ್ಕು ಪುಟದ ಕರಡನ್ನು ನಾನೇ ಹರಿದೆ. ಮಾದರಿಗಳ ದಾಖಲೆ ಪುಸ್ತಕದಲ್ಲಿ ಮೇಡಂ ತಮ್ಮ ಕೈಯಾರೆ ಆ ಸಾಮಾನ್ಯ ಹೆಸರು ಬರೆದು, ಸಂಗ್ರಹಿಸಿದವರು ಕ್ಲೀಟಸ್ ಎಂದು ಸೇರಿಸಿದರು. ಅಂಗಾಲಿನ ಗೆರೆಯ ಸಾಕ್ಷಿ ಎಂಬಲ್ಲಿಗೆ ಬಂದಾಗ ನಿನ್ನ ಅತ್ತೆಯ ಹೆಸರೇನು ಎಂದು ಕೇಳಿದರು. ರುಕ್ಮಿಣಮ್ಮ, ರಂಗೋಲಿ ಪುಸ್ತಕ, ಜೀವಂತ ಹುಳು ನೋಡಿ ಬಿಡಿಸಿದ್ದು. ಆ ಸಾಲಿನಲ್ಲಿ ನನ್ನ ಹೆಸರಿಗೆ ಜಾಗವಿರಲಿಲ್ಲ. ತಿಂಗಳ ಕೊನೆಗೆ ಯೋಜನೆ ಮುಗಿಯಿತು, ಎರಡನೆಯ ಹಂತ ಬರಲಿಲ್ಲ. ಮಹಡಿ ಕೋಣೆಯ ಬೀಗದ ಕೈ ಕೊಟ್ಟು ನಾನು ತಿರುವನಂತಪುರದ ರೈಲು ಹತ್ತಿದೆ.

ಈಗ ಇಲ್ಲಿಯೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹುಳುಗಳು ರಜಾದಿನದ ಕೆಲಸ. ಅತ್ತೆಗೆ ಮಂಡಿನೋವು, ಮೋಟು ಸ್ಟೂಲಿನ ಮೇಲೆ ಕೂತು ರಂಗೋಲಿ ಹಾಕುತ್ತಾರೆ. ಮೇಡಂ ಹೇಳಿದ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡು ಅದನ್ನು ತಮ್ಮದೇ ಒಂದು ಪ್ರಶ್ನೆ ಮಾಡಿಕೊಂಡಿದ್ದಾರೆ. ಶ್ರೀಧರ ಫ್ರಿಜ್ಜಿನಲ್ಲಿ ಮೊಸರಿಲ್ಲ ಎಂದರೂ ಅದೇ ಪ್ರಶ್ನೆ, ಪೇಪರ್ ಬಂದಿಲ್ಲ ಎಂದರೂ ಅದೇ. ಮನೆಯಲ್ಲಿ ಅದೊಂದು ತಮಾಷೆಯಾಗಿ ಹೋಗಿದೆ.

ವಿಳಿಂಜಂನ ಆ ಬಕೆಟ್ಟಿನ ಬಳಿ ಕಡೆಗೂ ನಾನು ಮಂಡಿಯೂರಿ ಕೂತೆ. ಕಪ್ಪು ಮೈ, ಬೂದುನೀಲಿ ದಿಂಡು, ಅರಿಶಿನದ ನೆತ್ತಿ. ಬೇರೆ ಯಾವ ಜೀವವನ್ನೂ ಅದರ ಜೊತೆ ಹಾಕಿರಲಿಲ್ಲ ಚೇಟ್ಟನ್, ಅವರಿಗೂ ಕಲಿಸಿದ್ದೆ. ಫೋಟೋಗೂ ಮೊದಲು, ಹೆಸರಿಗೂ ಮೊದಲು, ಅಂಗೈಯಲ್ಲಿ ಕಡಲ ನೀರು ತುಂಬಿಕೊಂಡು ಹುಳುವನ್ನು ಮೆಲ್ಲನೆ ಮಗುಚಿದೆ. ಬೂದು ಅಂಗಾಲು ಮುದುಡಿಕೊಂಡಿತು, ಬಿಚ್ಚಿಕೊಂಡಿತು. ನನಗೆ ಗೆರೆ ಕಾಣಲಿಲ್ಲ. ಮೂರು ವರ್ಷ ಎಲ್ಲಿಯೋ ಅಡಗಿದ್ದ ಎದೆಬಡಿತ ಒಮ್ಮೆಲೇ ಮೇಲೆ ಬಂತು. ಒದ್ದೆ ಕೈಯಲ್ಲೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಅದೇ ಥರದ ಹುಳ. ಗೆರೆ ಇಲ್ಲ."

ಆ ಕಡೆ ಕುಕ್ಕರ್ ಕೂಗಿ ನಿಂತಿತು.

"ಇಲ್ವೋ, ಕಾಣಿಸ್ಲಿಲ್ವೋ?"

ಫೋನನ್ನು ಚೇಟ್ಟನ್ ಕೈಗೆ ಕೊಟ್ಟು, ಬಕೆಟ್ಟನ್ನು ದೋಣಿಯ ನೆರಳಿನಿಂದ ಬಿಸಿಲಿಗೆ ಎಳೆದುಕೊಂಡು, ಹುಳುವನ್ನು ಮತ್ತೊಮ್ಮೆ ಮಗುಚಿದೆ.